ಗಿರಣಿಗೆ ಕಪ್ಪು ಪೆಟ್ಟಿಗೆ ಬಂದ ಭಾನುವಾರ

ಶ್ರಾವಣದ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಸ್ಥಳ: ನ್ಯಾಮತಿಯ ನಮ್ಮ ಹಿಟ್ಟಿನ ಗಿರಣಿ. ಹಾಜರಿದ್ದವರು: ನಾನು, ನನ್ನ ಅತ್ತೆ ಹಾಲಮ್ಮ, ಹಿಂದಿನ ಬೀದಿಯ ಚೌಡಮ್ಮ, ಮತ್ತೆ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದ ನಾಲ್ಕು ಜನ. ಪಾಳಿಯಲ್ಲಿ ಹನ್ನೊಂದು ಡಬ್ಬಿ. ತ್ರೀ ಫೇಸ್ ಕರೆಂಟು ಬಂದು ಐದು ನಿಮಿಷವಾಗಿತ್ತು. ಸೈನ್ಯದಲ್ಲಿದ್ದ ನಮ್ಮವರಿಂದ ಫೋನ್ ಬಂದು ಇಪ್ಪತ್ತೊಂದು ದಿನವಾಗಿತ್ತು.

ಇದನ್ನು ನನ್ನ ದಿನಚರಿ ಪುಸ್ತಕದಿಂದ ಎತ್ತಿಕೊಂಡಿದ್ದೇನೆ. ನಮ್ಮಪ್ಪ ಹೊನ್ನಾಳಿಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಮನೆಯಲ್ಲೂ ಬೆಳಿಗ್ಗೆ ಐದೂವರೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕರೆಯುತ್ತಿದ್ದರು. ದಿನ, ಹೊತ್ತು, ಯಾರಿದ್ದರು, ಏನು ಕೆಲಸ ಎಂದು ಪ್ರತಿದಿನ ಬರೆಯಬೇಕು ಎಂದು ಕಲಿಸಿದವರು ಅವರೇ. ಮೂವತ್ತು ವರ್ಷ ಗಿರಣಿ ನಡೆಸಿದೆ, ಮೂವತ್ತು ವರ್ಷವೂ ಬರೆದೆ. ಗಿರಣಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಈಗ ಎರಡು ವರ್ಷವಾಯಿತು.

ನಮ್ಮ ಸುತ್ತಮುತ್ತ ಸೈನ್ಯದಲ್ಲಿರುವವರ ಹೆಂಡಂದಿರು ಈಗ ಹೊಲಿಗೆ, ರೊಟ್ಟಿ, ಬ್ಯೂಟಿ ಪಾರ್ಲರ್ ಎಂದು ಏನಾದರೊಂದು ಶುರು ಮಾಡುತ್ತಿದ್ದಾರೆ. ಒಳ್ಳೆಯದು. ಅವರಲ್ಲಿ ಒಬ್ಬಿಬ್ಬರು ಬಂದು, "ಆಂಟಿ, ಎರಡನ್ನೂ ಹೆಂಗೆ ನಿಭಾಯಿಸಿದ್ರಿ?" ಎಂದು ಕೇಳುತ್ತಾರೆ. ನಿಭಾಯಿಸಿದೆ ಎಂದು ಹೇಳಲು ನನಗೆ ಧೈರ್ಯವಿಲ್ಲ. ಏನೇನಾಯಿತು ಎಂದು ಹೇಳಬಲ್ಲೆ. ಆ ಭಾನುವಾರದಿಂದ ಶುರು ಮಾಡಿದ್ದು ಯಾಕೆಂದರೆ, ನನ್ನ ಕೆಲಸದ ಎಲ್ಲ ಭಯವೂ ಆ ಒಂದು ದಿನ ಗಿರಣಿಯ ಬಾಗಿಲಿಗೇ ಬಂದು ನಿಂತಿತ್ತು.

ಮೊದಲು ಗಿರಣಿ ಹೇಗೆ ಬಂತು ಎನ್ನುವುದು. ಮದುವೆಯಾಗಿ ನಾಲ್ಕನೆಯ ವರ್ಷ ನಮ್ಮವರು ರಜೆಗೆ ಬಂದಾಗ, ಮನೆಯ ಮುಂದಿನ ಖಾಲಿ ಕೋಣೆ ತೋರಿಸಿ, "ಇಲ್ಲಿ ಏನಾದ್ರೂ ಮಾಡು. ಸುಮ್ನೆ ಕೂತ್ರೆ ರೇಡಿಯೋ ಕೇಳಿ ಕೇಳಿ ಹುಚ್ಚಿ ಆಗ್ತೀಯ," ಎಂದರು. ನಿಜ. ವಾರ್ತೆಯಲ್ಲಿ ಗಡಿ ಎಂಬ ಮಾತು ಬಂದರೆ ಅಂದು ನನ್ನ ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು. ಚನ್ನಗಿರಿಯಲ್ಲಿ ನಮ್ಮ ಸಂಬಂಧಿಕರ ಮನೆಯ ಪಕ್ಕ ಇಮಾಮ್ ಸಾಬರ ಗಿರಣಿ ಇತ್ತು. ಅಲ್ಲಿ ಒಂದು ತಿಂಗಳು ಇದ್ದು ಕಲಿತೆ. ಹೆಂಗಸಿಗೆ ಕಲಿಸುವುದೇ ಎಂದು ಅವರು ಒಂದು ದಿನವೂ ಅನ್ನಲಿಲ್ಲ. ಆದರೆ ಮೊದಲ ವಾರ ಯಂತ್ರ ಮುಟ್ಟಲು ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡು ಬರೀ ಸದ್ದು ಕೇಳಬೇಕು.

"ಕಾಳು ಇದ್ದಾಗ ಒಂದು ಸದ್ದು, ಕಾಳು ಮುಗಿಯಾಕೆ ಬಂದಾಗ ಇನ್ನೊಂದು ಸದ್ದು. ತಿಳೀತೇನ್ ಬೇಟಿ?" ಎನ್ನುತ್ತಿದ್ದರು. "ಕಾಳಿಲ್ದೆ ಕಲ್ಲು ಓಡಿದ್ರೆ ಕಲ್ಲು ಕಲ್ಲನ್ನೇ ತಿಂತೈತೆ. ಆ ಪುಡಿ ಜನರ ಹೊಟ್ಟೆಗೆ ಹೋಗ್ತೈತೆ. ನಡುವೆ ಕರೆಂಟ್ ತೆಗೆದ್ರೆ ಕಾಳು ಕಲ್ಲಾಗೆ ಸಿಕ್ಕೊಂತೈತೆ, ಬೆಲ್ಟು ಹರೀತೈತೆ. ಬಾಯಿಗೆ ಸುರಿದ ಡಬ್ಬಿ ಮುಗಿಸ್ದೆ ಎಲ್ಲಿಗೂ ಹೋಗಬಾರ್ದು. ಮನೆಗೆ ಬೆಂಕಿ ಬಿದ್ರೂನೂ."

ನಾನು ಮನೆಗೆ ಬೆಂಕಿ ಬೀಳುವುದನ್ನು ಕಾಯಲಿಲ್ಲ. ಗಿರಣಿ ಶುರುವಾದ ಮೊದಲ ವರ್ಷವೇ ಎರಡು ತಪ್ಪು ಮಾಡಿದೆ. ಎರಡಕ್ಕೂ ಕಾರಣ ಸೈನ್ಯ.

ಮೊದಲನೆಯದು ಕಾಗದದಿಂದ ಆದದ್ದು. ಒಂದೇ ಯಂತ್ರವಿದ್ದ ಕಾಲ. ಮೆಣಸಿನಕಾಯಿಯನ್ನೂ ಅದರಲ್ಲೇ ಬೀಸುತ್ತಿದ್ದೆ. ಮೆಣಸಿನಕಾಯಿ ಆದ ಮೇಲೆ ಕಲ್ಲು ಬಿಚ್ಚಿ ಒರೆಸಿ, ಎರಡು ಸೇರು ತೌಡು ಓಡಿಸಿ ಚೆಲ್ಲಬೇಕು. ಅಂದು ಮೆಣಸಿನಕಾಯಿ ಮುಗಿಯುವ ಹೊತ್ತಿಗೆ ಪೋಸ್ಟ್‌ಮ್ಯಾನ್ ಬಂದ. ಒಂದೂವರೆ ತಿಂಗಳ ಮೇಲೆ ಬಂದ ಕಾಗದ. ಓದಿದೆ, ಇನ್ನೊಮ್ಮೆ ಓದಿದೆ, ಸೆರಗಿಗೆ ಕಟ್ಟಿಕೊಂಡೆ. ಮುಂದಿನ ಡಬ್ಬಿ ಎತ್ತಿ ಸುರಿದೆ. ಅದು ಮೊಳಕೆ ಕಟ್ಟಿ ಒಣಗಿಸಿದ ರಾಗಿ, ಏಳು ತಿಂಗಳ ಕೂಸಿನ ಸರಿಗೆ. ಸಂಜೆ ಆ ತಾಯಿ ಬಟ್ಟಲನ್ನೇ ಹಿಡಿದುಕೊಂಡು ಬಂದಳು. ಬೈಯಲಿಲ್ಲ. "ಅಕ್ಕಾ, ನೀವೇ ಒಂದು ತುತ್ತು ತಿಂದು ನೋಡ್ರಿ," ಎಂದಳು. ತಿಂದೆ. ಕೂಸು ಅವಳ ಹೆಗಲ ಮೇಲೆ ಇನ್ನೂ ಬಿಕ್ಕುತ್ತಿತ್ತು. ಆ ತಿಂಗಳೇ ಮೆಣಸಿನಕಾಯಿಗೆ ಬೇರೆ ಯಂತ್ರ ಹಾಕಿಸಿದೆ. ಕಾಗದ ಬಂದರೆ ಗಿರಣಿ ನಿಂತ ಮೇಲೆ ಓದುವುದು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ.

ಎರಡನೆಯದು ಫೋನಿನಿಂದ ಆದದ್ದು. ನಮ್ಮವರ ಯೂನಿಟ್ಟಿನಲ್ಲಿ ಅವರ ಫೋನಿನ ಪಾಳಿ ಭಾನುವಾರ ಹನ್ನೊಂದರಿಂದ ಹನ್ನೊಂದೂವರೆ. ನಮ್ಮ ಕಡೆ ತ್ರೀ ಫೇಸ್ ಕರೆಂಟು ಒಂದು ವಾರ ಬೆಳಿಗ್ಗೆ ಹತ್ತರಿಂದ ಒಂದು, ಇನ್ನೊಂದು ವಾರ ಮಧ್ಯಾಹ್ನ. ಬೆಳಗಿನ ವಾರ ಬಂದರೆ ಎರಡೂ ಒಂದೇ ಹೊತ್ತಿಗೆ. ಗಿರಣಿ ಓಡುವಾಗ ಪಕ್ಕದಲ್ಲಿ ನಿಂತವರ ಮಾತೇ ಕೇಳುವುದಿಲ್ಲ; ಫೋನು ಹಿಂದಿನ ನಡುಮನೆಯಲ್ಲಿ. ಅತ್ತೆಗೆ ಕಿವಿ ಮಂದ. ಒಂದು ಭಾನುವಾರ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತ್ತಂತೆ. ನಮ್ಮವರು ಅಲ್ಲಿ, ಮನೆಯಲ್ಲಿ ಏನೋ ಆಗಿದೆ ಎಂದು ಒಂದು ವಾರ ಊಟ ಬಿಟ್ಟಿದ್ದರು. ಆಗ ಫೋನ್ ರಿಪೇರಿಯವರೊಬ್ಬರು ಉಪಾಯ ಮಾಡಿಕೊಟ್ಟರು. ಫೋನು ಬಡಿದರೆ ಗಿರಣಿಯ ಗೋಡೆಯ ಮೇಲೆ ಒಂದು ಕೆಂಪು ದೀಪ ಹತ್ತುವಂತೆ ವೈರು ಎಳೆದರು. ಕರೆಂಟಿಲ್ಲದಾಗ ದೀಪ ಹತ್ತದು, ಆದರೆ ಆಗ ಗಿರಣಿಯೂ ಓಡದು, ಬಡಿತ ಕೇಳುತ್ತದೆ.

"ಏನ್ ವಿಶಾಲಕ್ಕ, ಪೊಲೀಸ್ ಜೀಪಿನ ದೀಪ ಬಿಚ್ಚಿಕೊಂಡು ಬಂದೀಯಲ್ಲ!" ಎಂದಳು ಚೌಡಮ್ಮ. ಅವಳು ವಾರಕ್ಕೆ ಎರಡು ಸಲ ಜೋಳ ತರುವವಳು. ಬೀಸಿಸುವುದಕ್ಕಿಂತ ಮಾತಾಡಲಿಕ್ಕೇ ಬರುವವಳು.

ದೀಪ ಮೊದಲ ಸಲ ಹತ್ತಿದಾಗ ನಾನು ಎಲ್ಲವನ್ನೂ ಬಿಟ್ಟು ಓಡಿದೆ. ಗಿರಣಿಯ ಬಾಯಿಯಲ್ಲಿ ಎರಡು ಹಿಡಿ ಕಾಳಿತ್ತು. ಫೋನಿನಲ್ಲಿ ನಾಲ್ಕು ನಿಮಿಷ. ವಾಪಸು ಬರುವಷ್ಟರಲ್ಲಿ ಸುಟ್ಟ ವಾಸನೆ, ಕಲ್ಲಿನಿಂದ ಕಿಡಿ. ಹಿಟ್ಟನ್ನು ಬೆರಳಲ್ಲಿ ಹಿಡಿದು ನೋಡಿದರೆ ಮರಳು. ಆ ಡಬ್ಬಿಯನ್ನು ಚೆಲ್ಲಿದೆ. ಸಾಲದ್ದಕ್ಕೆ ಅದಕ್ಕೆ ಮುಂಚಿನ ಡಬ್ಬಿಯವರ ಮನೆಗೂ ಹೋಗಿ ಹಿಟ್ಟು ವಾಪಸು ಕೇಳಿದೆ. ಅದು ಚೆನ್ನಾಗಿಯೇ ಇತ್ತು. ಕಲ್ಲಿಗೆ ಉಳಿ ಹೊಡೆಸಲು ಮೂರು ದಿನ ಗಿರಣಿ ಬಂದ್. ಅಂದಿನಿಂದ ಇಮಾಮ್ ಸಾಬರ ಮಾತು ಮೀರಲಿಲ್ಲ. ಬೆಳಗಿನ ವಾರದ ಭಾನುವಾರ ಹನ್ನೊಂದಕ್ಕೆ ಐದು ನಿಮಿಷವಿದೆ ಎನ್ನುವಾಗಲೇ ಡಬ್ಬಿ ಮುಗಿಸಿ ಕಲ್ಲು ಸಡಿಲಿಸಿ ನಿಲ್ಲುತ್ತಿದ್ದೆ. ಅರ್ಧ ಗಂಟೆ ಕರೆಂಟು ದಂಡ. ಜನ ಗೊಣಗುತ್ತಿದ್ದರು, ಆಮೇಲೆ ಗೊಣಗುವುದನ್ನೂ ಬಿಟ್ಟರು. ಗೋಡೆಗೆ ಒರಗಿ ಅವರೂ ದೀಪವನ್ನೇ ನೋಡುತ್ತಿದ್ದರು. ದೀಪ ಹತ್ತಿದರೆ ಎಲ್ಲರೂ ಒಟ್ಟಿಗೆ, "ಹತ್ತೈತೆ! ಓಡ್ರಿ ಅಕ್ಕಾ!" ಎಂದು ಕೂಗುವರು. ನಾನು ಹೋಗಿ ಎತ್ತಿದರೆ ಯಾರೋ ಇನ್ಶೂರೆನ್ಸಿನವರು.

ನನ್ನ ಮೇಲಧಿಕಾರಿಯೆಂದರೆ ಅತ್ತೆ. ಬೆಳಿಗ್ಗೆ ಗಿರಣಿಗೆ ಬಂದು ಹಿಟ್ಟಿನಲ್ಲಿ ಬೆರಳಾಡಿಸಿ, "ದಪ್ಪ ಐತೆ," ಅಥವಾ "ಸುಡ್ತೈತೆ," ಎಂದು ಒಂದೇ ಮಾತಿನ ವರದಿ ಕೊಟ್ಟು ಹೋಗುವರು. ಮೆಚ್ಚಿದ್ದು ನೆನಪಿಲ್ಲ. ರಜೆಗೆ ಬಂದಾಗ ನಮ್ಮವರೇ ಮೇಲಧಿಕಾರಿ. ಒಂದು ಸಲ ಎರಡು ತಿಂಗಳು ಇದ್ದು ಗಿರಣಿಯನ್ನು ಬ್ಯಾರಕ್ಕು ಮಾಡಿದರು. ಡಬ್ಬಿಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಬೇಕು, ಮುಚ್ಚಳದ ಮೇಲೆ ನಂಬರು, ನಂಬರು ಕರೆದಾಗ ಮಾತ್ರ ಮುಂದೆ ಬರಬೇಕು.

"ಇದೇನ್ರೀ ಹವಾಲ್ದಾರ್ರೇ, ನಂಬರ್ ಕರೆದು ಬಂದೂಕು ಕೊಡ್ತೀರೇನು? ನಮಗೆ ಹಿಟ್ಟು ಕೊಟ್ರೆ ಸಾಕ್ರಿ!" ಎಂದು ಚೌಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೆಲ್ಯೂಟು ಹೊಡೆದಳು. ನಮ್ಮವರು ನಗಲಿಲ್ಲ, ಅವಳ ಡಬ್ಬಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಸಾಲಿಗೆ ತಂದರು. ಅವರು ಹೋದ ಮೇಲೂ ನಂಬರು ಉಳಿಯಿತು, ಜಗಳ ನಿಂತಿತು. ರಜೆಯಲ್ಲಿ ಗಂಡ ನಿಮ್ಮ ಅಂಗಡಿಯಲ್ಲಿ ಕೈ ಹಾಕಿದರೆ ಬೇಡ ಎನ್ನಬೇಡಿ. ಅದರಲ್ಲಿ ಒಂದಾದರೂ ಉಪಯೋಗಕ್ಕೆ ಬರುತ್ತದೆ. ಉಳಿದದ್ದನ್ನು ಅವರು ಬಸ್ಸು ಹತ್ತಿದ ಮೇಲೆ ಸರಿಮಾಡಿಕೊಳ್ಳಬಹುದು.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ: ಕ್ವಾರ್ಟರ್ಸ್ ಸಿಕ್ಕರೆ ಗಂಡನ ಜೊತೆ ಹೋಗಬೇಕೋ, ಇಲ್ಲೇ ವ್ಯಾಪಾರ ನೋಡಬೇಕೋ? ನಾನು ಒಮ್ಮೆ ಹೋದೆ. ಉತ್ತರದ ಒಂದು ದಂಡು ಪ್ರದೇಶ. ಎಂಟು ತಿಂಗಳು ಇದ್ದೆ. ಸುಖವಾಗಿಯೇ ಇದ್ದೆ ಎಂದು ಒಪ್ಪಿಕೊಳ್ಳಬೇಕು. ಮಗಳು ಸುಧಾ ಅಪ್ಪನ ಹೆಗಲೇರಿ ಓಡಾಡಿದ ಎಂಟು ತಿಂಗಳು ಅವು. ಅಲ್ಲಿಯೂ ಒಂದು ಚಕ್ಕಿ ಇತ್ತು. ಹಿಟ್ಟು ತರಲು ಹೋದಾಗ ಸದ್ದು ಕೇಳಿ, ಕಲ್ಲು ಒಂದು ಕಡೆ ವಾಲಿದೆ ಎಂದು ಕೈಸನ್ನೆಯಲ್ಲಿ ಹೇಳಿದೆ. ಅವನು ನಕ್ಕ. ಮೂರು ದಿನಕ್ಕೆ ಅದು ಕೆಟ್ಟು ನಿಂತಿತು. ವಾಪಸು ಬಂದು ನ್ಯಾಮತಿಯ ಗಿರಣಿಯ ಬೀಗ ತೆಗೆದರೆ, ಬೆಲ್ಟಿನಲ್ಲಿ ಇಲಿ ಗೂಡು, ಪಾಳಿಯಲ್ಲಿ ಡಬ್ಬಿಯೇ ಇಲ್ಲ. ಜನ ಬೇರೆ ಗಿರಣಿ ಹಿಡಿದಿದ್ದರು. ಅವರನ್ನು ವಾಪಸು ತರಲು ಒಂದೂವರೆ ವರ್ಷ ಹಿಡಿಯಿತು. ಮುಂದಿನ ಸಲ ಕ್ವಾರ್ಟರ್ಸ್ ಸಿಕ್ಕಾಗ, "ನೀವು ರಜೆಗೆ ಬರ್ರಿ, ನಾನು ಬರಾಕೆ ಆಗಲ್ಲ," ಎಂದುಬಿಟ್ಟೆ. ಫೋನಿನಲ್ಲಿ ಅವರು "ಸರಿ," ಎಂದರು, ಅಷ್ಟೇ. ಆಮೇಲೆ ಒಂದೊಂದು ಫೋನು ತಪ್ಪಿದಾಗಲೂ ನನಗೆ ನೆನಪಾಗುತ್ತಿದ್ದುದು ಆ ಒಂದು 'ಸರಿ'.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ಅವರಾಗ ಮೇಲಿನ ಗಡಿಯಲ್ಲಿದ್ದರು. ಎರಡು ಭಾನುವಾರ ಫೋನು ಬಂದಿರಲಿಲ್ಲ. ಅಂದು ಮೂರನೆಯದು. ಸುಧಾಳನ್ನು ಹಿಂದಿನ ದಿನವೇ ಹೊನ್ನಾಳಿಗೆ ಅಪ್ಪನ ಮನೆಗೆ ಕಳಿಸಿದ್ದೆ. ಅವಳಿಗೆ ಹತ್ತು ವರ್ಷ, ಇನ್ನೊಂದು ಭಾನುವಾರ ಅವಳೂ ನನ್ನ ಜೊತೆ ಗೋಡೆ ನೋಡುತ್ತ ಕೂರುವುದು ಬೇಡವೆನಿಸಿತು. ಗಿರಣಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಚೌಡಮ್ಮ ಕೂಡ ಮಾತು ಕಡಿಮೆ ಮಾಡಿದ್ದಳು. ಅದೇ ನನಗೆ ಹೆದರಿಕೆ ತಂದದ್ದು.

ಹತ್ತು ನಲವತ್ತಕ್ಕೆ ಮೂರನೆಯ ಡಬ್ಬಿ, ಚೌಡಮ್ಮನ ಜೋಳ, ಬಾಯಿಗೆ ಸುರಿದೆ. ಹನ್ನೊಂದಕ್ಕೆ ಮುಂಚೆ ಅದು ಮುಗಿಯುವ ಲೆಕ್ಕ. ಅರ್ಧ ಆಗಿರಬೇಕು, ಬಾಗಿಲ ಮುಂದೆ ಆಟೋ ನಿಂತಿತು. ಇಪ್ಪತ್ತೈದರ ಆಸುಪಾಸಿನವನೊಬ್ಬ ಇಳಿದ. ಅಂಗಿ ಪ್ಯಾಂಟು ಎಲ್ಲರ ಹಾಗೆ. ಆದರೆ ಕಿವಿಯ ಮೇಲೆ ಒತ್ತಿ ಕತ್ತರಿಸಿದ ಕೂದಲು, ಕಾಲಲ್ಲಿ ಕಂದು ಬಣ್ಣದ ಕ್ಯಾನ್ವಾಸ್ ಶೂ. ಸೈನ್ಯದವನೆಂದು ಗೊತ್ತಾಗಲು ಅಷ್ಟು ಸಾಕು. ಆಟೋದಿಂದ ಕಪ್ಪು ಟ್ರಂಕು ಎಳೆದು ಹೆಗಲಿಗೇರಿಸಿ ತಂದು, ಮೆಟ್ಟಿಲ ಮೇಲೆ ಇಳಿಸಿದ. ಬಿಳಿ ಅಕ್ಷರ ನನ್ನ ಕಡೆಗಿತ್ತು. ನಂಬರು, ಹವಾಲ್ದಾರ್, ಮಹೇಶ್ವರಪ್ಪ. ಹಿಂದಿನ ರಜೆಯಲ್ಲಿ ಆ ಅಕ್ಷರಗಳನ್ನು ಬ್ರಷ್ಷಿನಿಂದ ಬರೆದವಳು ನಾನೇ.

ಹೊಸಬರಿಗೆ ಇದನ್ನು ವಿವರಿಸಬೇಕು. ಸೈನ್ಯದವನು ರಜೆಗೆ ಬಂದರೆ ಅವನ ಪೆಟ್ಟಿಗೆ ಅವನ ಜೊತೆ ಬರುತ್ತದೆ. ಅವನಿಲ್ಲದೆ ಪೆಟ್ಟಿಗೆ ಬರುವುದೆಂದರೆ ಒಂದೇ ಅರ್ಥ. ಕೆಲವು ವರ್ಷ ಮುಂಚೆ ನಮ್ಮ ಕಡೆಯ ಒಂದು ಹಳ್ಳಿಗೆ ಹಾಗೆ ಬಂದಿತ್ತು, ಒಬ್ಬ ಜೊತೆಗಾರನ ಹೆಗಲ ಮೇಲೆ. ಗಿರಣಿಯಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು.

ಆ ಹುಡುಗ ನನ್ನ ಕಡೆ ನೋಡಿ ಏನೋ ಹೇಳಿದ. ಬಾಯಿ ಆಡಿದ್ದು ಕಂಡಿತು, ಸದ್ದು ಕೇಳಲಿಲ್ಲ. ಚೌಡಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಅವನಿಗೆ ಅಂಗೈ ತೋರಿಸಿದೆ, ತಡಿ ಎಂದು. ಗಿರಣಿಯ ಬಾಯಿಯಲ್ಲಿ ಇನ್ನೂ ಅರ್ಧ ಡಬ್ಬಿ ಜೋಳ ಇತ್ತು.

ಕಲ್ಲು ಕೆಡುತ್ತದೆಂದು ನಿಲ್ಲಿಸಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಜನ ಅದನ್ನು ಶಿಸ್ತು ಎಂದು ಹೊಗಳಿದರು. ಈ ಬರವಣಿಗೆಯಲ್ಲಿ ಸುಳ್ಳು ಬೇಡ. ಗಿರಣಿ ನಿಂತರೆ ಅವನ ಮಾತು ಕೇಳಿಸುತ್ತದೆ, ಅದಕ್ಕೇ ನಿಲ್ಲಿಸಲಿಲ್ಲ. ಕಾಳು ಇರುವವರೆಗೆ ನಮ್ಮವರು ಇದ್ದರು. ಕಾಳು ಬೀಳುವ ಕಿಂಡಿಯನ್ನು ಒಂದು ನೂಲು ಕಿರಿದು ಮಾಡಿದೆನೆಂದೂ ಹೇಳಿಬಿಡುತ್ತೇನೆ, ಇನ್ನೂ ನಿಧಾನ ಬೀಳಲಿ ಎಂದು.

ಆ ಹೊತ್ತಿನಲ್ಲಿ ತಲೆಯಲ್ಲಿ ಬಂದದ್ದು ಅಳುವಲ್ಲ, ಪಟ್ಟಿ. ಸುಧಾಳಿಗೆ ಯಾರು ಹೇಳುವುದು. ಅಪ್ಪ ಹೇಳಬಾರದು, ಅಪ್ಪ ಕಟುಕಟುವಾಗಿ ಹೇಳಿಬಿಡುತ್ತಾರೆ. ಉಳಿದ ಎಂಟು ಡಬ್ಬಿಯವರನ್ನು ಯಾವ ಗಿರಣಿಗೆ ಕಳಿಸುವುದು. ಅತ್ತೆಯ ಬಿ.ಪಿ. ಮಾತ್ರೆ ಯಾವ ಗೂಡಿನಲ್ಲಿದೆ. ಕ್ವಾರ್ಟರ್ಸ್‌ಗೆ ಹೋಗಿದ್ದರೆ ಇನ್ನೆರಡು ವರ್ಷ ಒಟ್ಟಿಗಿರುತ್ತಿದ್ದೆವು.

ಅತ್ತೆ ನಡುಮನೆಯ ಬಾಗಿಲಿಂದ ಬಂದರು. ಟ್ರಂಕು ನೋಡಿದರು. ಅವರಿಗೆ ಓದಲು ಬಾರದು. ಆದರೆ ಆ ಪೆಟ್ಟಿಗೆಯ ಮೂಲೆಯ ಸೊಟ್ಟ ಅವರಿಗೆ ಗೊತ್ತು. ಅದರ ಪಕ್ಕ ಕುಸಿದು ಕೂತು, ಮುಚ್ಚಳದ ಮೇಲೆ ಎರಡೂ ಕೈ ಬಡಿಯತೊಡಗಿದರು. ಅದರ ಸದ್ದೂ ನನಗೆ ಕೇಳಲಿಲ್ಲ. ಹುಡುಗ ಗಾಬರಿಯಾಗಿ ಅವರ ಪಕ್ಕ ಕುಕ್ಕುರುಗಾಲಲ್ಲಿ ಕೂತು ಅವರ ಕೈ ಹಿಡಿಯಲು ನೋಡುತ್ತಿದ್ದ. ಕಾಯುತ್ತಿದ್ದವರಲ್ಲಿ ಒಬ್ಬರು ಎದ್ದು ಬೀದಿಗೆ ಓಡಿದರು. ಬಾಗಿಲಲ್ಲಿ ತಲೆಗಳು ತುಂಬಿದವು.

ಸದ್ದು ಬದಲಾಯಿತು. ಕಾಳು ಮುಗಿಯುತ್ತಿತ್ತು. ಕಲ್ಲು ಸಡಿಲಿಸಿದೆ. ಸ್ವಿಚ್ಚು ಕೆಳಗೆಳೆದೆ. ಬೆಲ್ಟು ನಿಧಾನವಾಗಿ ನಿಂತಿತು.

ಮೊದಲು ಕೇಳಿಸಿದ್ದು ಆ ಹುಡುಗನ ದನಿ. "ಅಕ್ಕಾರೆ, ಕುಡಿಯಾಕೆ ಒಂಚೂರು ನೀರು ಕೊಡ್ತೀರೇನ್ರಿ?"

ನಾನು ಕೊಡಲಿಲ್ಲ. "ಯಾವತ್ತು ಆತು?" ಎಂದೆ.

"ಏನ್ರಿ?"

"ಯಾವತ್ತು? ಎಷ್ಟು ಗಂಟೆಗೆ?"

ಅವನು ನನ್ನ ಮುಖ, ಅತ್ತೆಯ ಮುಖ, ಬಾಗಿಲಲ್ಲಿದ್ದ ಜನರ ಮುಖ ನೋಡಿದ. ಏನೂ ತೋಚದೆ, "ನಂಗೆ ರಜೆ ಸಿಕ್ಕಿದ್ದಾ ಅಕ್ಕಾರೆ?" ಎಂದ.

ಚೌಡಮ್ಮ ಮುಂದೆ ನುಗ್ಗಿ ಅವನ ಭುಜ ಹಿಡಿದು ಅಲುಗಿಸಿದಳು. "ಏ ತಮ್ಮಾ! ನಿನ್ನ ರಜೆ ಸುಡ್ಲಿ! ಅವರು ಅದಾರೋ ಇಲ್ಲೋ, ಅದನ್ನ ಹೇಳೋ ಮೊದ್ಲು!"

ಆಗ ಅವನಿಗೆ ತಿಳಿಯಿತು. ಮುಖದ ಬಣ್ಣವೇ ಹೋಯಿತು. "ಅಯ್ಯೋ ಶಿವನೇ! ಅದಾರ್ರೀ! ಸಾಹೇಬ್ರು ಗುಂಡುಕಲ್ಲು ಇದ್ದಂಗೆ ಅದಾರ್ರೀ! ಯಾರ್ ಹೇಳಿದ್ರು ನಿಮಗೆ ಹಂಗಂತ?"

"ನೀನೇ ಹೇಳಿದ್ದೋ ಮೂಳಾ!" ಎಂದರು ಅತ್ತೆ. ಮಂದ ಕಿವಿಗೆ ಆ ಮಾತು ಹೇಗೆ ಕೇಳಿಸಿತೋ. "ಪೆಟ್ಟಿಗಿ ತಂದು ಮೆಟ್ಲ ಮ್ಯಾಲೆ ಇಟ್ಟೀಯಲ್ಲ, ಇನ್ನೇನ್ ಹೇಳಬೇಕು ಬಾಯಿಂದ?" ಎಂದು ಅವನ ತೋಳಿಗೆ ಎರಡೇಟು ಕೊಟ್ಟರು. ಮೂರನೆಯದಕ್ಕೆ ಎತ್ತಿದ ಕೈಯಲ್ಲೇ ಅವನ ತೋಳು ಹಿಡಿದುಕೊಂಡು ಅಳತೊಡಗಿದರು.

ಅವನ ಹೆಸರು ತಿಪ್ಪೇಸ್ವಾಮಿ, ಜಗಳೂರು ಕಡೆಯ ಬಿಳಿಚೋಡಿನವನು, ನಮ್ಮವರ ಕೈಕೆಳಗಿದ್ದವನು. ನೀರು ಕೊಟ್ಟು, ನಾನು ಒಂದೊಂದಾಗಿ ಕೇಳಿದೆ. ಕೊನೆಗೆ ನೋಡಿದ್ದು ಯಾವಾಗ? ಗುರುವಾರ ಬೆಳಿಗ್ಗೆ, ಇವತ್ತಿಗೆ ಹತ್ತು ದಿನದ ಹಿಂದೆ. ನಿನ್ನ ಕಣ್ಣಾರೆಯೋ? ಕಣ್ಣಾರೆ. ಎಲ್ಲಿ? ಲಾರಿ ಹತ್ತುವಾಗ. ಎಲ್ಲಿಗೆ?

"ಮ್ಯಾಲಿನ ಪೋಸ್ಟಿಗೆ ಅಕ್ಕಾರೆ. ಹಿಮದಾಗೆ. ಅಲ್ಲಿಗೆ ಬೆನ್ನಿಗೆ ಹಾಕ್ಕೊಳ್ಳೋ ಚೀಲ ಬಿಟ್ರೆ ಏನೂ ಒಯ್ಯಂಗಿಲ್ಲ. ಯೂನಿಟ್ ಜಾಗ ಬದಲಾಗ್ತಿತ್ತು, ಅದಕ್ಕೇ ಎರಡು ವಾರದಿಂದ ಫೋನೂ ಬಂದ್. ಒಂದು ಗಂಟೆ ಟೈಮ್ ಕೊಟ್ರು. ಕಾಗದ ಬರೆಯಾಕೂ ಪುರುಸೊತ್ತಿಲ್ಲ. ನಾನು ರಜೆ ಮ್ಯಾಲೆ ಹೊರಟಿದ್ದೆ. ತಿಪ್ಪೇಸ್ವಾಮಿ, ಪೆಟ್ಟಿಗೆ ನಮ್ಮನೆಗೆ ಮುಟ್ಟಿಸಿ ನಿಮ್ಮೂರಿಗೆ ಹೋಗು ಅಂದ್ರು. ಮೂರು ತಿಂಗಳು ಅಲ್ಲಿಂದ ಫೋನ್ ಮಾಡಾಕೆ ಆಗಲ್ರಿ. ಅದನ್ನೂ ಹೇಳು ಅಂದಾರೆ."

"ಇನ್ನೇನಂದ್ರು?"

ಅವನು ನೆನಪಿಸಿಕೊಂಡ. "ಗಿರಣಿ ಬೆಲ್ಟು ಸವೆದೈತೆ, ಶ್ರಾವಣದ ಪಾಳಿ ಶುರು ಆಗೋದ್ರೊಳಗೆ ಬದಲಿಸು ಅಂತ ಹೇಳು ಅಂದ್ರು. ಲಾರಿ ಹೊರಟಿತ್ತು, ಹಿಂದಿನಿಂದ ಕೂಗಿ ಹೇಳಿದ್ರು."

ಆಗ ನಂಬಿದೆ. ಈ ಮಾತನ್ನು ಬೇರೆ ಯಾರೂ ಕಟ್ಟಿ ಹೇಳಲಾರರು. ಆದರೂ ನಂಬಿದ್ದು ಹತ್ತು ದಿನ ಹಳೆಯ ಸುದ್ದಿಯನ್ನು. ಹತ್ತು ದಿನದ ಹಿಂದೆ ಗುರುವಾರ ಬೆಳಿಗ್ಗೆ ಅವರು ಇದ್ದರು. ಆಮೇಲಿನದು ಈ ಹುಡುಗನಿಗೂ ಗೊತ್ತಿಲ್ಲ.

ಟ್ರಂಕನ್ನು ಆಗ ಸರಿಯಾಗಿ ನೋಡಿದೆ. ಬೀಗ ಹಾಕಿತ್ತು. ಬೀಗದ ಕೈ ಎಲ್ಲಿ ಎಂದರೆ, "ಸಾಹೇಬ್ರ ಕೊರಳಾಗೈತೆ, ಶಿವದಾರ ಇದ್ದಂಗೆ ದಾರಕ್ಕೆ ಕಟ್ಟಿಕೊಂಡಾರೆ," ಎಂದ. ಇಲ್ಲವಾದವರ ಪೆಟ್ಟಿಗೆಯನ್ನು ಬಿಚ್ಚಿ, ಒಳಗಿನದನ್ನೆಲ್ಲ ಪಟ್ಟಿ ಮಾಡಿ, ಸಹಿ ಹಾಕಿ ಕಳಿಸುತ್ತಾರಂತೆ. ನನಗೆ ಆಮೇಲೆ ಗೊತ್ತಾಯಿತು. ನಿಮ್ಮ ಬಾಗಿಲಿಗೆ ಎಂದಾದರೂ ಹೀಗೆ ಬಂದರೆ ಮೊದಲು ಬೀಗ ನೋಡಿ. ಮುಂದೆ ಅವರು ಇಳಿದು ರಜೆಗೆ ಬಂದಾಗ ಇದಕ್ಕಾಗಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. "ಅಲ್ಲಿ ಬಿಟ್ರೆ ತುಕ್ಕು ಹಿಡೀತಿತ್ತು. ಒಳ್ಳೆ ಪೆಟ್ಟಿಗೆ," ಎಂದರು. ಅಷ್ಟೇ ಅವರ ವಿವರಣೆ.

ಅಷ್ಟರಲ್ಲಿ ಫೋನು ಬಡಿಯಿತು. ಹೊನ್ನಾಳಿಯಿಂದ ಅಪ್ಪ. ಬೀದಿಗೆ ಓಡಿದವರು ಫೋನ್ ಬೂತಿನಿಂದ ಆಗಲೇ ಅಲ್ಲಿಗೆ ಸುದ್ದಿ ಮುಟ್ಟಿಸಿದ್ದರು, ಪೆಟ್ಟಿಗೆ ಬಂತು ಎಂದು.

"ಅದಾರಪ್ಪ," ಎಂದೆ.

ಅಪ್ಪ ಕೇಳಿದರು, "ಕೊನೆಗೆ ಯಾರು ನೋಡಿದ್ದು? ಯಾವಾಗ?"

"ಇಲ್ಲೇ ಇದ್ದಾನೆ ನೋಡಿದವನು. ಗುರುವಾರ. ಹತ್ತು ದಿನ ಆತು."

"ಕಣ್ಣಾರೆ?"

"ಕಣ್ಣಾರೆ."

"ಸುಧಾಗೆ ಏನೂ ಹೇಳಿಲ್ಲ," ಎಂದು ಫೋನಿಟ್ಟರು. ಇಟ್ಟ ಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ. ನಮ್ಮಪ್ಪ ನೆಲದ ಮೇಲೆ ಕೂತದ್ದನ್ನು ಅಮ್ಮ ಅದೇ ಮೊದಲು ನೋಡಿದ್ದು.

ಹೊರಗೆ ಬಂದರೆ ಬೀದಿಯ ಜನ ಹಾಗೇ ನಿಂತಿದ್ದರು. ಅಳಲು ಬಂದವರು, ಈಗ ಹೋಗುವುದೋ ನಿಲ್ಲುವುದೋ ತಿಳಿಯದೆ ಇದ್ದರು. ಒಬ್ಬರ ಕೈಯಲ್ಲಿ ಹೂವಿನ ಹಾರವಿತ್ತು. ಅದನ್ನು ಅವರು ನಿಧಾನವಾಗಿ ಬೆನ್ನ ಹಿಂದೆ ಸರಿಸಿದರು. ಚೌಡಮ್ಮ ಕಣ್ಣೊರೆಸಿಕೊಂಡು, "ತರ್ರಿ ಇತ್ಲಾಗೆ, ಗಿರಣಿ ಪೂಜೆಗಾದ್ರೂ ಆತು," ಎಂದು ಕಸಿದುಕೊಂಡು ಹಾರವನ್ನು ಮೋಟಾರಿನ ಮೇಲಿದ್ದ ದೇವರ ಪಟಕ್ಕೆ ಹಾಕಿದಳು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಗಂಟೆ ನೋಡಿದೆ. ಹನ್ನೊಂದು ಇಪ್ಪತ್ತು. ಕರೆಂಟು ಒಂದು ಗಂಟೆಯವರೆಗೆ. ಎಂಟು ಡಬ್ಬಿ ಬಾಕಿ. ಯಾರಿಗೂ ನಮ್ಮ ಹಿಟ್ಟು ಎಂದು ಕೇಳುವ ಬಾಯಿಲ್ಲ. "ನಾಲ್ಕನೇ ನಂಬರ್ ಯಾರದ್ದು?" ಎಂದು ನಾನೇ ಕೂಗಿದೆ. ಹನ್ನೊಂದರ ಫೋನಿನ ಪಾಳಿಗೆ ನಿಲ್ಲುವ ಅಗತ್ಯ ಇನ್ನು ಮೂರು ತಿಂಗಳು ಇರಲಿಲ್ಲ. ಸ್ವಿಚ್ಚು ಹಾಕಿದೆ.

ಕೆಲಸಕ್ಕೆ ಬರುವ ಹೊಸಬರಿಗೆ ಇದೊಂದು ಹೇಳಬೇಕು. ಕೆಲಸದಲ್ಲಿ ಮನಸ್ಸಿಟ್ಟರೆ ಭಯ ಹೋಗುತ್ತದೆ ಎಂದು ಜನ ಹೇಳುತ್ತಾರೆ. ಹೋಗುವುದಿಲ್ಲ. ಈಗ ನಿಮ್ಮ ಕೈಯಲ್ಲಿ ಮೊಬೈಲ್ ಇದೆ, ಗಂಡನ ಮುಖವೇ ಕಾಣುತ್ತದೆ. ಆದರೂ ಮೂರು ದಿನ ಅದು ಸ್ವಿಚ್ ಆಫ್ ಎಂದರೆ ನೀವು ಹೊಲಿಯುವ ಜಾಕೀಟಿನ ತೋಳು ಉಲ್ಟಾ ಆಗುತ್ತದೆ. ಆಗ ಕೆಲಸ ಬಿಡಬೇಡಿ, ಆದರೆ ಒಂದಕ್ಕೆ ಎರಡು ಸಲ ಪರೀಕ್ಷೆ ಮಾಡಿ. ಆ ದಿನ ನಾನು ಪ್ರತಿ ಡಬ್ಬಿಯ ಹಿಟ್ಟನ್ನೂ ಬೆರಳಲ್ಲಿ ಉಜ್ಜಿ, ನಾಲಿಗೆಗೆ ಹಚ್ಚಿ ನೋಡಿಯೇ ಕೊಟ್ಟೆ.

ಒಂದು ಗಂಟೆಗೆ ಕರೆಂಟು ಹೋದಾಗ ಹತ್ತು ಡಬ್ಬಿ ಆಗಿತ್ತು, ಒಂದು ಉಳಿಯಿತು. ತಿಪ್ಪೇಸ್ವಾಮಿಗೆ ಊಟಕ್ಕೆ ಹಾಕಿದೆವು. ಅತ್ತೆ ಅವನ ಮುಂದೆ ಕೂತು, ಎರಡೇಟು ಕೊಟ್ಟ ತೋಳನ್ನು ಆಗಾಗ ಸವರುತ್ತ, ಒಂದೊಂದೇ ರೊಟ್ಟಿ ಹಾಕುತ್ತಿದ್ದರು. "ನಿಮ್ಮವ್ವಗೆ ಗೊತ್ತೈತೇನೋ ನೀನು ಬಂದಿರೋದು?" ಎಂದರು.

"ಇಲ್ಲಜ್ಜಿ. ಇನ್ನೂ ಮನೆ ಮುಖ ನೋಡಿಲ್ಲ. ಇಲ್ಲಿಗೇ ಮೊದ್ಲು ಬಂದೆ."

"ಏಳು ಮತ್ತೆ! ತಿಂದಿದ್ದು ಸಾಕು!" ಎಂದು ಅತ್ತೆ ಅವನ ತಟ್ಟೆಯನ್ನೇ ಎಳೆದರು. ಉಳಿದ ರೊಟ್ಟಿ ಬುತ್ತಿ ಕಟ್ಟಿಕೊಟ್ಟು, ಎರಡೂಕಾಲರ ಬಸ್ಸಿಗೆ ಹತ್ತಿಸಿದೆವು. ಜಗಳೂರಿಗೆ ಅವನು ಇನ್ನೂ ಎರಡು ಬಸ್ಸು ಬದಲಿಸಬೇಕಿತ್ತು.

ವಾಪಸು ಬಂದು ಬೆಲ್ಟು ಬಿಚ್ಚಿದೆ. ಒಳಮೈಯಲ್ಲಿ ಒಂದು ಗೇಣು ಉದ್ದ ಪದರ ಎದ್ದಿತ್ತು. ಹಿಂದಿನ ರಜೆಯಲ್ಲೇ ನೋಡಿ ಅವರು ಹೇಳಿದ್ದು ಸರಿ. ನಾನು ಪ್ರತಿದಿನ ಮುಟ್ಟುವ ಬೆಲ್ಟು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇರಲಿ ಎಂದು ಹೊಸದು ತಂದಿಟ್ಟು ಎರಡು ತಿಂಗಳಾಗಿತ್ತು. ಅದನ್ನು ಏರಿಸಿ ಬಿಗಿ ಮಾಡುವಷ್ಟರಲ್ಲಿ ನಾಲ್ಕೂವರೆ.

ಐದು ಗಂಟೆಗೆ ಹೆಚ್ಚಿನ ಒಂದೂವರೆ ಗಂಟೆ ಕರೆಂಟು ಕೊಟ್ಟರು. ಉಳಿದಿದ್ದ ಡಬ್ಬಿ ಅಕ್ಕಿಯದು, ಮಾರನೆಯ ದಿನದ ಶ್ರಾವಣ ಸೋಮವಾರದ ಅಡುಗೆಗೆ ಬೇಕಾದದ್ದು. ಮಾಮೂಲಿನಲ್ಲಿ ಅಕ್ಕಿ ಮೊದಲು, ರಾಗಿ ಕೊನೆಗೆ. ಆ ದಿನದ ಗದ್ದಲದಲ್ಲಿ ಪಾಳಿ ತಪ್ಪಿ ರಾಗಿ ಮುಂದಾಗಿ ಅಕ್ಕಿ ಹಿಂದೆ ಬಿದ್ದಿತ್ತು. ಹಾಗೇ ಬೀಸಿದರೆ ಹಿಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಕಲ್ಲು ಬಿಚ್ಚಿದೆ. ಬ್ರಷ್ಷಿನಿಂದ ಒಂದೊಂದು ಗೀರನ್ನೂ ಕೆರೆದೆ. ಹಿಟ್ಟು ಇಳಿಯುವ ಬಟ್ಟೆಯ ತೋಳು ಬಿಚ್ಚಿ ಕೊಡವಿದೆ. ಮನೆಯ ಅಕ್ಕಿ ಎರಡು ಹಿಡಿ ಓಡಿಸಿ ಚೆಲ್ಲಿದೆ, ಇನ್ನೂ ಎರಡು ಹಿಡಿ ಓಡಿಸಿ ಚೆಲ್ಲಿದೆ. ಆಮೇಲೆ ಡಬ್ಬಿ ಸುರಿದೆ.

ಹಿಟ್ಟು ಬೆಳ್ಳಗೆ ಇಳಿಯಿತು. ಅತ್ತೆ ಬಂದು ಬೆರಳಾಡಿಸಿದರು. ಮುಚ್ಚಳ ಹಾಕಲು ಹೋದೆ, ಕೂರಲಿಲ್ಲ. ಇನ್ನೊಮ್ಮೆ ಇಟ್ಟೆ, ಜಾರಿ ನೆಲಕ್ಕೆ ಬಿತ್ತು. ಬೆಳಗಿನಿಂದ ಹತ್ತು ಮುಚ್ಚಳ ಕೂರಿಸಿದ ಕೈಗಳೇ ಅವು. ಅತ್ತೆ ಮುಚ್ಚಳ ಎತ್ತಿ, ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. ತಾವು ಡಬ್ಬಿಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದರು.

ಒತ್ತಿದೆ. ಕೂತಿತು. ಆರು ಗಂಟೆ ಹತ್ತು ನಿಮಿಷ. ಪಾಳಿಯಲ್ಲಿ ಡಬ್ಬಿ ಉಳಿದಿರಲಿಲ್ಲ.